ಜೇಬಿನಲ್ಲಿ ಉಳಿದ ಸೀಮೆಸುಣ್ಣ

ಮಾರ್ಚ್ ೩, ಮಂಗಳವಾರ

ಚಿರಂಜೀವಿ ಚಿನಕುರುಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊದಲು ಒಂದು ತಿದ್ದುಪಡಿ. ಗ್ರಂಥಾಲಯದ ಪುಸ್ತಕಗಳಿಗೆ ಹೊಸದಾಗಿ ಕ್ರಮಸಂಖ್ಯೆ ಹಾಕುವ ಕೆಲಸವನ್ನು ನಾವು ಮೂವರು ನಿವೃತ್ತರು ಕೈಗೆತ್ತಿಕೊಂಡಿದ್ದೇವೆಂದೂ, ಈವರೆಗೆ ನಾನೂರ ಹನ್ನೆರಡು ಪುಸ್ತಕಗಳಾಗಿವೆಯೆಂದೂ, ಒಂದೂ ತಪ್ಪು ನುಸುಳಿಲ್ಲವೆಂದೂ ಕಳೆದ ಪತ್ರದಲ್ಲಿ ಬರೆದಿದ್ದೆ. ಈ ಮೂರರಲ್ಲಿ ಮೊದಲನೆಯದು ಮಾತ್ರ ನಿಜ. ಪುಸ್ತಕಗಳು ನಾನೂರ ಹದಿಮೂರು. ಏಕೆಂದರೆ ೪೧೨ ಎಂಬ ಸಂಖ್ಯೆ ಎರಡು ಪುಸ್ತಕಗಳ ಬೆನ್ನಿನ ಮೇಲಿದೆ. ಒಂದು ಗುಲಾಬಿ ಗಿಡಗಳನ್ನು ಕುರಿತದ್ದು, ಇನ್ನೊಂದು ಹಲ್ಲು ಕೀಳುವ ವಿದ್ಯೆಯನ್ನು ಕುರಿತದ್ದು. ತೋಟಗಾರನೊಬ್ಬ ನಿನ್ನೆ ೪೧೨ ಬೇಕೆಂದು ಕೇಳಿ ಪಡೆದು ಹೋದವನು ಅರ್ಧ ಗಂಟೆಯಲ್ಲಿ ಮರಳಿ ಬಂದು, "ರೀ ಮೇಷ್ಟ್ರೇ, ಗಿಡಕ್ಕೆ ಅರಿವಳಿಕೆ ಎಲ್ಲಿ ಚುಚ್ಚೋದು?" ಎಂದು ಕೇಳಿದಾಗ ವಿಷಯ ಬೆಳಕಿಗೆ ಬಂತು. ನಮ್ಮ ಮೂವರಲ್ಲಿ ಯಾರಿಂದ ಈ ಪ್ರಮಾದವಾಯಿತೆಂಬುದು ವಿಚಾರಣೆಯಲ್ಲಿದೆ.

ಇನ್ನು ನಿನ್ನ ತಿದ್ದುಪಡಿ. ನಾಲ್ಕನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ನಾನು ನಿನ್ನಿಂದ "ಎರಡು ಅಂಕ ಕಿತ್ತುಕೊಂಡೆ" ಎಂದು ಬರೆದಿದ್ದೀಯೆ. ಕಡಿತಗೊಳಿಸಿದ್ದು ಒಂದು ಅಂಕ. ಉತ್ತರ ಸರಿಯಿತ್ತು, ಅದನ್ನು ತಲುಪಿದ ದಾರಿಯನ್ನು ನೀನು ತೋರಿಸಿರಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಬಂದದ್ದಕ್ಕೆ ಇಪ್ಪತ್ತು ವರ್ಷ ಮುನಿಸು ಹಿಡಿಯುವವಳು ನಮ್ಮ ಮನೆತನದಲ್ಲಿ ನೀನೊಬ್ಬಳೇ.

ಆಸ್ಪತ್ರೆಯ ಔಷಧ ವಿಭಾಗಕ್ಕೆ ಪ್ರೋಗ್ರಾಂ ಬರೆಯುತ್ತಿರುವೆಯೆಂದು ತಿಳಿದು ಸಂತೋಷವಾಯಿತು. ಆದರೆ ನಿನ್ನ ಪತ್ರದಲ್ಲಿ "ಥ್ರೆಡ್", "ಸ್ಕೋಪ್", "ವೇರಿಯೇಬಲ್" ಎಂಬ ಮೂರು ಪದಗಳು ವಿವರಣೆಯಿಲ್ಲದೆ ನುಗ್ಗಿವೆ. ಕೊನೆಯದಕ್ಕೆ ಚರಾಕ್ಷರವೆಂಬ ಒಳ್ಳೆಯ ಮಾತಿದೆ, ನಾನೇ ನಿನಗೆ ಕಲಿಸಿದ್ದು. ಉಳಿದೆರಡನ್ನು ವಿವರಿಸಿ ಬರೆ. ಫೋನು ಮಾಡಬೇಡ. ಫೋನಿನಲ್ಲಿ ಆಡಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಲು ಬರುವುದಿಲ್ಲ. ನಿನ್ನ ಹಿಂದಿನ ಪತ್ರವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ತಪ್ಪುಗಳು ಹದಿನಾಲ್ಕು. ಕಳೆದ ಸಲಕ್ಕಿಂತ ಎರಡು ಕಡಿಮೆ.

ನಿನ್ನ ದೊಡ್ಡಪ್ಪ


ಮಾರ್ಚ್ ೭, ಶನಿವಾರ

ಪ್ರೀತಿಯ ದೊಡ್ಡಪ್ಪ,

ಮುನಿಸು ಇಪ್ಪತ್ತು ವರ್ಷದ್ದಲ್ಲ, ಹತ್ತೊಂಬತ್ತೂವರೆ ವರ್ಷದ್ದು. ನಾನೂ ತಿದ್ದಬಲ್ಲೆ!

ವಿವರಣೆ ಕೇಳಿದಿರಿ, ತಗೊಳ್ಳಿ. ನಮ್ಮ ಔಷಧ ವಿಭಾಗದಲ್ಲಿ ನಾಲ್ಕು ಕಿಟಕಿಗಳು. ಪ್ರತಿ ಕಿಟಕಿಯಲ್ಲೂ ಒಬ್ಬೊಬ್ಬರು ಕೂತು ರೋಗಿಯ ಚೀಟಿ ನೋಡಿ ಔಷಧ ಕಟ್ಟಿಕೊಡುತ್ತಾರೆ. ಪೊಟ್ಟಣದ ಮೇಲೆ ಅಂಟಿಸುವ ಚೀಟಿಯನ್ನು, ಅಂದರೆ ಹೆಸರು, ಎಷ್ಟು ಹೊತ್ತಿಗೆ ಎಷ್ಟು, ಕ್ರಮಸಂಖ್ಯೆ, ತಾರೀಖು, ಗಂಟೆ ಎಲ್ಲವನ್ನೂ ನನ್ನ ಪ್ರೋಗ್ರಾಂ ಮುದ್ರಿಸುತ್ತದೆ. ಒಂದೇ ಪ್ರೋಗ್ರಾಂ ಒಳಗೆ ನಾಲ್ಕು ಗುಮಾಸ್ತರು ಏಕಕಾಲಕ್ಕೆ ಓಡಾಡುತ್ತಿದ್ದಾರೆ ಅಂದುಕೊಳ್ಳಿ, ಕಿಟಕಿಗೊಬ್ಬ. ಆ ಒಬ್ಬೊಬ್ಬ ಗುಮಾಸ್ತನೂ ಒಂದೊಂದು ಥ್ರೆಡ್. ನಾವು ಎಳೆ ಅನ್ನೋಣ. ಚರಾಕ್ಷರ ಅಂದರೆ ಅವರು ಏನನ್ನಾದರೂ ಬರೆದಿಡುವ ಜಾಗ. ಸ್ಕೋಪ್ ಅಂದರೆ ಆ ಜಾಗ ಯಾರ್‍ಯಾರ ಕೈಗೆ ಸಿಗುತ್ತದೆ ಎನ್ನುವುದು. ಅದಕ್ಕೆ ವ್ಯಾಪ್ತಿ ಅಂತ ಹೇಳಿದರೆ ನೀವು ಒಪ್ಪುತ್ತೀರೇನೋ.

ಈಗ ನನ್ನ ಸಂಕಟ. ಸೋಮವಾರ ಒಬ್ಬರು ಬಸ್ ಡ್ರೈವರ್ ಬೆನ್ನುನೋವಿಗೆ ಮಾತ್ರೆ ತಗೊಂಡರು. ಇಷ್ಟು ದಪ್ಪ ಮೀಸೆ. ಪೊಟ್ಟಣದ ಮೇಲಿನ ಚೀಟಿಯನ್ನು ಅಲ್ಲೇ ನಿಂತು ಗಟ್ಟಿಯಾಗಿ ಓದಿದರು: "ಹಾಲು ಕುಡಿಸಿದ ಮೇಲೆ ಐದು ಹನಿ. ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು ಹಾಕುವುದು." ಆಮೇಲೆ ಕಿಟಕಿಯೊಳಗೆ ತಲೆ ತೂರಿಸಿ, "ಹನಿ ಬೇಕಾದ್ರೆ ನಾನೇ ಹಾಕ್ಕೋತೀನಮ್ಮ, ತೋಳ್ಮೇಲೆ ಮಲಗಿಸ್ಕೊಳ್ಳೋರು ಯಾರು?" ಅಂದರು. ಸಾಲಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಡ್ರೈವರ್ ಓದಿದ್ದರಿಂದ ಸರಿಹೋಯಿತು. ಓದದಿದ್ದರೆ? ಪಕ್ಕದ ಕಿಟಕಿಯಲ್ಲಿದ್ದ ಆ ಮಗುವಿನ ತಾಯಿಗೆ ತಪ್ಪು ಚೀಟಿ ಹೋಗಿದ್ದರೆ?

ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಮೇಡಂ ಅನ್ನುತ್ತೇವೆ, ಅವತ್ತೇ ಪ್ರೋಗ್ರಾಂ ನಿಲ್ಲಿಸಿದರು. ಈಗ ಮತ್ತೆ ಕೈಬರಹ. "ಮೂವತ್ತೊಂದರವರೆಗೆ ಟೈಮ್ ಕೊಡ್ತೀನಿ. ಆಮೇಲೂ ಒಂದು ಚೀಟಿ ತಪ್ಪಿದ್ರೆ, ನಿನ್ನ ಪ್ರೋಗ್ರಾಂ ಪೆಟ್ಟಿಗೆಗೆ, ನೀನು ಹಳೇ ಸೀಟಿಗೆ" ಅಂದರು. ಹಳೇ ಸೀಟು ಅಂದರೆ ದೂರು ಕೇಳುವ ಫೋನು. ಮೂರು ವರ್ಷ ಅದೇ ಮಾಡಿದ್ದೇನೆ ದೊಡ್ಡಪ್ಪ. ಪ್ರೋಗ್ರಾಂ ಬರೆಯುವುದನ್ನು ಸಂಜೆ ತರಗತಿಗೆ ಹೋಗಿ ಕಲಿತು ಈ ಕುರ್ಚಿಗೆ ಬಂದವಳು. ವಾಪಸ್ ಹೋಗಲು ಮನಸ್ಸಿಲ್ಲ. ಅಪ್ಪನಿಗೆ ಹೇಳಬೇಡಿ.

ವಿಚಿತ್ರ ಏನೆಂದರೆ, ನಾನೊಬ್ಬಳೇ ಕೂತು ಇನ್ನೂರು ಸಲ ಪರೀಕ್ಷೆ ಮಾಡಿದೆ, ಒಂದು ಸಲವೂ ತಪ್ಪಲಿಲ್ಲ!

ನಿಮ್ಮ ಚಿನಕುರುಳಿ


ಮಾರ್ಚ್ ೧೧, ಬುಧವಾರ

ಚಿರಂಜೀವಿ ಚಿನಕುರುಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ತಪ್ಪುಗಳು ಒಂಬತ್ತು. ಆದರೆ ಈ ಸಲ ತಿದ್ದುವುದನ್ನು ಮುಂದೂಡಿದ್ದೇನೆ. ವಿಷಯ ಗಂಭೀರವಾಗಿದೆ.

"ನಾನೊಬ್ಬಳೇ ಕೂತು ಇನ್ನೂರು ಸಲ ಪರೀಕ್ಷೆ ಮಾಡಿದೆ" ಎಂಬ ನಿನ್ನ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ನಾನೊಬ್ಬನೇ ಪುಸ್ತಕಗಳಿಗೆ ಸಂಖ್ಯೆ ಹಾಕುತ್ತಿದ್ದ ಮೊದಲ ವಾರ ನನ್ನಿಂದಲೂ ಒಂದು ತಪ್ಪೂ ಆಗಲಿಲ್ಲ. ಪೋಸ್ಟ್‌ಮಾಸ್ಟರರೂ ದರ್ಜಿಯವರೂ ಬಂದು ಸೇರಿದ ಮೇಲೆಯೇ ೪೧೨ ಅವಳಿಯಾದದ್ದು. ನಮ್ಮ ಪದ್ಧತಿ ಹೀಗಿದೆ: ಗ್ರಂಥಾಲಯದ ಬಾಗಿಲ ಬಳಿ ಕರಿಹಲಗೆ. ಅದರ ಮೇಲೆ ಮುಂದಿನ ಪುಸ್ತಕಕ್ಕೆ ಹಾಕಬೇಕಾದ ಸಂಖ್ಯೆ. ಒಬ್ಬರು ಬಂದು ಸಂಖ್ಯೆ ನೋಡಿಕೊಂಡು, ತಮ್ಮ ಕಪಾಟಿಗೆ ಹೋಗಿ, ಪುಸ್ತಕಕ್ಕೆ ಚೀಟಿ ಅಂಟಿಸಿ, ಮರಳಿ ಬಂದು, ಹಲಗೆಯಲ್ಲಿ ಒಂದು ಕೂಡಿಸಿ ಬರೆಯಬೇಕು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಅರವತ್ತು ಹೆಜ್ಜೆಗಳ ದೂರ. ಒಬ್ಬರು ಆ ಅರವತ್ತು ಹೆಜ್ಜೆಗಳಲ್ಲಿರುವಾಗ ಇನ್ನೊಬ್ಬರು ಬಂದು ಹಲಗೆಯನ್ನು ನೋಡಿದರೆ ಇಬ್ಬರ ಕೈಯಲ್ಲೂ ಒಂದೇ ಸಂಖ್ಯೆ. ಪೋಸ್ಟ್‌ಮಾಸ್ಟರರ ಅವಸರವೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ವೃತ್ತಿಜೀವನವಿಡೀ ಟಪಾಲು ಚೀಲಕ್ಕೆ ಕಾಯುತ್ತ ಕುಳಿತವರು ಈಗ ಒಂದು ನಿಮಿಷವೂ ಕಾಯಲಾರರು.

ಈ ವಿಷಯವನ್ನು ಮಧ್ಯಾಹ್ನ ಗೆಳೆಯರ ಮುಂದಿಟ್ಟೆ, ನಿನ್ನ ಹೆಸರು ಹೇಳದೆ.

"ನಾಲ್ಕು ಎಳೆ ಅಂದ್ರಲ್ಲ ಮೇಷ್ಟ್ರೇ, ನಾಲ್ಕಕ್ಕೂ ಒಂದೇ ಸೂಜಿನಾ?" ಎಂದರು ದರ್ಜಿ.

"ಅಂದರೆ?"

"ಅಂಗಡೀಲಿ ನಾಲ್ಕು ಜನ ಹೊಲೀತಿದ್ವಿ. ಗಿರಾಕಿ ಅಳತೆ ಬರೆಯೋಕೆ ಗೋಡೆ ಮೇಲೆ ಒಂದೇ ಕ್ಯಾಲೆಂಡರು. ನಾನು ಒಬ್ಬರ ಸೊಂಟ ಬರೆದು ಕತ್ತರಿ ತರೋಷ್ಟರಲ್ಲಿ, ಇನ್ನೊಬ್ಬ ಬಂದು ಅದನ್ನ ಅಳಿಸಿ ಇನ್ಯಾರದ್ದೋ ಸೊಂಟ ಬರ್‍ದಿರ್ತಿದ್ದ. ಒಂದ್ಸಲ ವಕೀಲರಿಗೆ ಪೈಲ್ವಾನರ ಪ್ಯಾಂಟು ಹೋಯ್ತು."

"ಆಮೇಲೆ?" ಎಂದರು ಪೋಸ್ಟ್‌ಮಾಸ್ಟರರು.

"ವಕೀಲರು ಎರಡೂ ಕೈಯಲ್ಲಿ ಪ್ಯಾಂಟು ಹಿಡ್ಕೊಂಡು ವಾದ ಮಾಡಿದ್ರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ಕು ಕೊಟ್ಟೆ, ಅವರವರ ಜೇಬಲ್ಲೇ ಇರಲಿ ಅಂತ."

ಆದುದರಿಂದ ನನ್ನ ಪ್ರಶ್ನೆ ಇಷ್ಟೇ. ನಿನ್ನ ನಾಲ್ವರು ಗುಮಾಸ್ತರು ರೋಗಿಯ ಹೆಸರನ್ನು ಬರೆದುಕೊಳ್ಳುವುದು ಅವರವರ ಜೇಬಿನ ನೋಟ್‌ಬುಕ್ಕಿನಲ್ಲೋ, ಗೋಡೆಯ ಮೇಲಿನ ಒಂದೇ ಕ್ಯಾಲೆಂಡರಿನಲ್ಲೋ? ಎರಡನೆಯದಾದರೆ ಡ್ರೈವರರ ಬೆನ್ನಿಗೂ ಮಗುವಿನ ಹನಿಗೂ ನಂಟು ಹೇಗೆ ಬಂತೆಂಬುದು ಸ್ಪಷ್ಟ. ಇನ್ನೊಂದು ಮಾತು. ಒಬ್ಬಳೇ ಪರೀಕ್ಷಿಸಬೇಡ. ನಾಲ್ಕು ಜನರನ್ನು ಕೂರಿಸಿ ಒಟ್ಟಿಗೆ ಒತ್ತಿಸು.

ನಿನ್ನ ಅಪ್ಪನಿಗೆ ಹೇಳಿಲ್ಲ. ದೊಡ್ಡಮ್ಮನಿಗೆ ಹೇಳಬೇಡವೆಂದು ನೀನು ಬರೆದಿರಲಿಲ್ಲವಾದ್ದರಿಂದ ಹೇಳಿದ್ದೇನೆ.

ದೊಡ್ಡಪ್ಪ


ಮಾರ್ಚ್ ೧೫, ಭಾನುವಾರ

ದೊಡ್ಡಪ್ಪಾ, ದೊಡ್ಡಪ್ಪಾ, ದೊಡ್ಡಪ್ಪಾ!

ಕ್ಯಾಲೆಂಡರು! ಗೋಡೆ ಮೇಲಿನ ಕ್ಯಾಲೆಂಡರೇ! ರೋಗಿಯ ಹೆಸರನ್ನು ಇಡುವ ಚರಾಕ್ಷರವನ್ನು ನಾನು ನಾಲ್ಕೂ ಎಳೆಗಳ ಹೊರಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟಿದ್ದೆ. ಸಂಜೆ ತರಗತಿಯಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಾಗ ಹಿಡಿದ ಚಾಳಿ. ಎಲ್ಲವನ್ನೂ ಮೇಲೆ ಬರೆದಿಟ್ಟರೆ ಹುಡುಕುವುದು ಸುಲಭ ಅಂತ. ಎರಡನೇ ಕಿಟಕಿ "ಡ್ರೈವರ್" ಅಂತ ಬರೆದು ಮುದ್ರಿಸುವಷ್ಟರಲ್ಲಿ ಮೂರನೇ ಕಿಟಕಿ ಅದರ ಮೇಲೆಯೇ "ಮಗು" ಅಂತ ಬರೆದಿದೆ. ಎರಡನೇ ಕಿಟಕಿ ಪಾಪ, ಅಲ್ಲಿದ್ದದ್ದನ್ನೇ ಮುದ್ರಿಸಿದೆ!

ಆ ಚರಾಕ್ಷರವನ್ನು ಒಳಗೆ ತಂದೆ. ಈಗ ಪ್ರತಿ ಎಳೆಗೂ ಅದರದೇ ಜೇಬು, ಅದರದೇ ನೋಟ್‌ಬುಕ್ಕು. ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಊಟದ ಬಿಡುವಿನಲ್ಲಿ ನಾಲ್ಕು ಜನರನ್ನು ಗೋಗರೆದು ಕೂರಿಸಿ "ಒಂದು, ಎರಡು, ಮೂರು, ಒತ್ತಿ!" ಅಂತ ನೂರು ಸಲ ಒತ್ತಿಸಿದೆ. ಮೂರನೇ ಕಿಟಕಿಯ ಅಕ್ಕ ಬೈದುಕೊಂಡೇ ಒತ್ತಿದರು: "ನಿನ್ನ ದೊಡ್ಡಪ್ಪನ್ನ ಕರ್ಕೊಂಬಾ, ಬೆರಳು ನೀವಲಿ." ಒಂದು ಹೆಸರೂ ತಪ್ಪಲಿಲ್ಲ. ದರ್ಜಿಯವರಿಗೆ ನನ್ನ ನಮಸ್ಕಾರ ಹೇಳಿ. ವಕೀಲರ ಪ್ಯಾಂಟಿಗೂ.

ಆದರೆ ಪೊಟ್ಟಣದ ಕ್ರಮಸಂಖ್ಯೆ ಇದೆಯಲ್ಲ, ಅದು ಮಾತ್ರ ನಾಲ್ಕಕ್ಕೂ ಸೇರಿ ಒಂದೇ ಇರಬೇಕು, ನಿಮ್ಮ ಕರಿಹಲಗೆಯ ಹಾಗೆ. ಅದನ್ನು ಜೇಬಿಗೆ ಹಾಕಿದರೆ ನಾಲ್ಕು ಕಿಟಕಿಯಲ್ಲೂ ಒಂದನೇ ನಂಬರ್ ಬರುತ್ತದೆ. ಅದಕ್ಕೆ ಬೀಗ ಹಾಕಿದ್ದೇನೆ. ಬೀಗ ಅಂದರೆ, ಒಂದು ಎಳೆ ಸಂಖ್ಯೆಯನ್ನು ಹಿಡಿದುಕೊಂಡಿದ್ದರೆ ಉಳಿದ ಮೂರೂ ಕಾಯಬೇಕು. ಅದು ಬಿಟ್ಟ ಮೇಲೆ ಮುಂದಿನದರ ಸರದಿ. ನಿಮ್ಮ ಗ್ರಂಥಾಲಯದಲ್ಲೂ ಒಂದು ಬೀಗ ಹಾಕಿ. ಅವಸರದ ಪೋಸ್ಟ್‌ಮಾಸ್ಟರ್ ಅಂಕಲ್‌ಗೆ ಅದೇ ಮದ್ದು! ಅವರಿಗೆ ಬೇರೆಯಾಗಿ ಒಂದು ಕಾರ್ಡೂ ಬರೆದಿದ್ದೇನೆ: "ಸ್ವಲ್ಪ ನಿಧಾನ, ಅಂಕಲ್."

ಇಪ್ಪತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ದೊಡ್ಡ ಮೇಡಂ ಎದುರು ಪ್ರಯೋಗ. ಗೆಲ್ಲುತ್ತೇನೆ ಅಂತ ಈಗಲೇ ಬರೆದುಬಿಡಲೇ?

ಚಿನಕುರುಳಿ


ಮಾರ್ಚ್ ೧೯, ಗುರುವಾರ

ಚಿರಂಜೀವಿ ಚಿನಕುರುಳಿಗೆ ಆಶೀರ್ವಾದಗಳು.

ಸಂಬೋಧನೆಯನ್ನು ಮೂರು ಸಲ ಬರೆಯುವ ಅಗತ್ಯವಿರಲಿಲ್ಲ. ಒಂದು ಸಾಕು. ಆದರೂ ತಿದ್ದಿಲ್ಲ.

ನಿನ್ನ ಬೀಗವನ್ನು ಇಲ್ಲಿ ಜಾರಿಗೆ ತಂದಿದ್ದೇನೆ. ಹಲಗೆಗೆ ಬೀಗ ಹಾಕಲಾಗದು. ಆದುದರಿಂದ ಗ್ರಂಥಾಲಯಕ್ಕೆ ಒಂದೇ ಒಂದು ಸೀಮೆಸುಣ್ಣವೆಂದು ಗೊತ್ತುಪಡಿಸಿದೆ. ಸೀಮೆಸುಣ್ಣ ಯಾರ ಕೈಯಲ್ಲಿದೆಯೋ ಅವರು ಮಾತ್ರ ಹಲಗೆಯ ಮೇಲಿನ ಸಂಖ್ಯೆಯನ್ನು ನೋಡಬಹುದು. ಕೆಲಸ ಮುಗಿಸಿ, ಹೊಸ ಸಂಖ್ಯೆ ಬರೆದು, ಸೀಮೆಸುಣ್ಣವನ್ನು ಹಲಗೆಯ ಕೆಳಗಿನ ಪಟ್ಟಿಯ ಮೇಲಿಟ್ಟ ಬಳಿಕವೇ ಬೇರೆಯವರು ಅದನ್ನು ಮುಟ್ಟತಕ್ಕದ್ದು. ನಿಯಮವನ್ನು ಬರೆದು ಗೋಡೆಗೆ ಅಂಟಿಸಿ ಮೂವರೂ ಸಹಿ ಹಾಕಿದ್ದೇವೆ. ಇಂದು ಇಡೀ ದಿನ ಅರವತ್ತೆರಡು ಪುಸ್ತಕಗಳಾದವು, ಒಂದೂ ತಪ್ಪಿಲ್ಲ.

ನಿನ್ನ ಕಾರ್ಡು ಪೋಸ್ಟ್‌ಮಾಸ್ಟರರಿಗೆ ತಲುಪಿತು. ಓದಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನಿಮ್ಮ ಮಗಳು ಚೆನ್ನಾಗಿ ಬರೀತಾಳೆ ಮೇಷ್ಟ್ರೇ" ಎಂದಷ್ಟೇ ಹೇಳಿ ಜೇಬಿನಲ್ಲಿಟ್ಟುಕೊಂಡರು. ಅವರು ಹಾಗೇಕೆ ನೋಡಿದರೆಂದು ನನಗೆ ತಿಳಿಯದು.

ಗೆಲುವನ್ನು ಮುಂಚಿತವಾಗಿ ಬರೆಯಬಾರದು. ಆದರೆ ದೊಡ್ಡಮ್ಮ ನಾಳೆ ಹತ್ತು ಗಂಟೆಗೆ ನಿನ್ನನ್ನು ನೆನೆದುಕೊಂಡು ಕುಳಿತಿರುತ್ತಾಳೆ. ನಾನು ಗ್ರಂಥಾಲಯದಲ್ಲಿರುತ್ತೇನೆ. ಗಡಿಯಾರ ಅಲ್ಲಿಯೂ ಇದೆ.

ದೊಡ್ಡಪ್ಪ


ಮಾರ್ಚ್ ೨೧, ಶನಿವಾರ

ದೊಡ್ಡಪ್ಪ,

ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನಾಲ್ಕೂ ಕಿಟಕಿ ನಿಂತುಹೋದವು. ತಪ್ಪು ಚೀಟಿ ಬರಲಿಲ್ಲ, ಚೀಟಿಯೇ ಬರಲಿಲ್ಲ. ಯಾವ ಸೂಚನೆಯೂ ಇಲ್ಲ, ಸದ್ದೂ ಇಲ್ಲ. ಹೊರಗೆ ಎಪ್ಪತ್ತು ಜನ. ದೊಡ್ಡ ಮೇಡಂ ಏನೂ ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಬರೆಯಲು ಶುರು ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತೊಂದಕ್ಕೆ ಕೊನೆಯ ಅವಕಾಶ. ಇದರಲ್ಲಿ ಎಷ್ಟು ತಪ್ಪಿದೆಯೋ ಎಣಿಸಬೇಡಿ.


ಮಾರ್ಚ್ ೨೪, ಮಂಗಳವಾರ

ನನ್ನ ಮುದ್ದು ಚಿನಕುರುಳಿಗೆ,

ಎಣಿಸಿಲ್ಲ.

ನಿನ್ನ ಪತ್ರ ಈಗ ತಾನೇ ಬಂತು. ನಿನ್ನನ್ನು ಸಮಾಧಾನಪಡಿಸುವ ಯೋಗ್ಯತೆ ನನಗೆ ಸದ್ಯಕ್ಕಿಲ್ಲ. ನನ್ನದೇ ಎರಡು ತಪ್ಪೊಪ್ಪಿಗೆಗಳಿವೆ.

ಮೊದಲನೆಯದು. ಶುಕ್ರವಾರ ನಿನ್ನ ಕಿಟಕಿಗಳು ನಿಂತ ದಿನವೇ ನಮ್ಮ ಗ್ರಂಥಾಲಯವೂ ನಿಂತಿತು. ಸಂಜೆ ನನಗೆ ನೆಗಡಿ ಹತ್ತಿ, ಸೀನುತ್ತ, ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಮಲಗಿದೆ. ನಿನ್ನೆ ಮಧ್ಯಾಹ್ನ ಗೆಳೆಯರಿಬ್ಬರೂ ಬಾಗಿಲಲ್ಲಿ ನಿಂತರು.

"ಹುಷಾರಾಗಿದೀರಾ ಮೇಷ್ಟ್ರೇ? ಸೀಮೆಸುಣ್ಣ ಎಲ್ಲಿ?" ಎಂದರು ದರ್ಜಿ, ಒಂದೇ ಉಸಿರಿಗೆ.

"ಹಲಗೆಯ ಪಟ್ಟಿಯ ಮೇಲೆ."

"ಇಲ್ಲ. ಶನಿವಾರದಿಂದ ಇಬ್ರೂ ಕುರ್ಚಿ ಹಾಕ್ಕೊಂಡು ಹಲಗೆಗೆ ಬೆನ್ನು ಮಾಡಿ ಕೂತಿದೀವಿ. ನಾನೊಂದು ಕಾಲರ್ ಹೊಲಿದು ಮುಗಿಸ್ದೆ."

"ಬೇರೊಂದು ತೆಗೆದುಕೊಳ್ಳಬಾರದಿತ್ತೆ?"

"ನಿಯಮ ಯಾರು ಬರ್‍ದಿದ್ದು?" ಎಂದರು ಪೋಸ್ಟ್‌ಮಾಸ್ಟರರು. "ಸಹಿ ಬೇರೆ ಹಾಕಿಸ್ಕೊಂಡ್ರಿ."

ಅಷ್ಟರಲ್ಲಿ ದೊಡ್ಡಮ್ಮ ಒಗೆಯಲು ಹಾಕಿದ್ದ ನನ್ನ ಅಂಗಿಯೊಂದಿಗೆ ಹೊರಗೆ ಬಂದಳು. ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟು, "ರಿಟೈರಾಗಿ ಏಳು ವರ್ಷ ಆಯ್ತು, ನಿಮ್ಮ ಜೇಬು ಇನ್ನೂ ಸ್ಕೂಲಿಗೆ ಹೋಗ್ತಾ ಇದೆ" ಎಂದಳು. ಮೂವತ್ತಾರು ವರ್ಷ ಪಾಠ ಮುಗಿಸಿದ ಕೂಡಲೇ ಸೀಮೆಸುಣ್ಣವನ್ನು ಜೇಬಿಗೆ ಹಾಕಿದ ಕೈ, ನಿಯಮ ಮಾಡಿದವನ ಮಾತನ್ನೂ ಕೇಳಲಿಲ್ಲ. ಇಬ್ಬರು ಹಿರಿಯರು ಎರಡೂವರೆ ದಿನ ಸುಮ್ಮನೆ ಕಾದರು. ಏನೂ ಕೆಡಲಿಲ್ಲ, ಯಾರೂ ತಪ್ಪು ಮಾಡಲಿಲ್ಲ, ಆದರೆ ಒಂದು ಪುಸ್ತಕವೂ ಆಗಲಿಲ್ಲ.

ಎರಡನೆಯದು ಹೆಚ್ಚು ಕಷ್ಟದ್ದು. ೪೧೨ ಪೋಸ್ಟ್‌ಮಾಸ್ಟರರ ಅವಸರದಿಂದ ಆದದ್ದಲ್ಲ. ಸಂಖ್ಯೆ ನೋಡಿಕೊಂಡು ಕಪಾಟಿಗೆ ಹೋದ ನಾನು, ಗುಲಾಬಿಯ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಿನ ದೋಷವೊಂದನ್ನು ಕಂಡೆ. ಕೆಂಪು ಲೇಖನಿ ತೆಗೆದೆ. ಎರಡನೆಯ ಪುಟದಲ್ಲೂ ಇತ್ತು. ಹಾಗೆಯೇ ಹದಿನೆಂಟು ಪುಟ ತಿದ್ದಿದೆ. ಪೋಸ್ಟ್‌ಮಾಸ್ಟರರು ಇಪ್ಪತ್ತು ನಿಮಿಷ ಕಾದು, ನಾನು ಆ ಸಂಖ್ಯೆಯನ್ನು ಬಳಸದೆ ಬಿಟ್ಟಿರುವೆನೆಂದು ತಿಳಿದು, ಹಲಗೆಯಲ್ಲಿದ್ದುದನ್ನು ತೆಗೆದುಕೊಂಡರು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಿನ್ನ ಕಾರ್ಡು ಓದಿ ಅವರು ನನ್ನ ಮುಖ ನೋಡಿದ್ದು ಅದಕ್ಕೇ. ನಿನ್ನೆ ಕ್ಷಮೆ ಕೇಳಿದೆ. "ಬಿಡಿ ಮೇಷ್ಟ್ರೇ, ತಡವಾಗಿ ಬಂದ್ರೂ ಟಪಾಲು ಟಪಾಲೇ" ಎಂದು ಕೈ ಕುಲುಕಿದರು.

ನಿನ್ನ ಪ್ರೋಗ್ರಾಂ ಏಕೆ ನಿಂತಿತೆಂಬುದು ನನಗೆ ತಿಳಿಯದು. ತಪ್ಪಿಲ್ಲದೆ, ಸದ್ದಿಲ್ಲದೆ ಎಲ್ಲರೂ ಕಾದು ನಿಲ್ಲುವುದನ್ನು ಮಾತ್ರ ಬಲ್ಲೆ. ನಿನ್ನ ನಾಲ್ವರು ಗುಮಾಸ್ತರ ಜೇಬುಗಳನ್ನು ಒಮ್ಮೆ ತಡಕಿ ನೋಡು. ಯಾರೋ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದವರಿರಬೇಕು.

ದೊಡ್ಡಪ್ಪ


ಮಾರ್ಚ್ ೨೭, ಶುಕ್ರವಾರ

ಪ್ರೀತಿಯ ದೊಡ್ಡಪ್ಪ,

ಪತ್ರ ಓದಿ ಮುಗಿಸುವ ಮುಂಚೆಯೇ ಎದ್ದು ಓಡಿದೆ. ಚಪ್ಪಲಿ ಬದಲಾಗಿ ಹೋಯಿತು. ಒಂದು ನನ್ನದು, ಒಂದು ಪಕ್ಕದ ಕೋಣೆಯವಳದ್ದು. ಹಂಚಿಕೊಂಡ ಜಾಗಕ್ಕೆ ಬೀಗ ಹಾಕದಿದ್ದರೆ ಹೀಗೇ ಆಗುವುದು.

ಈ ಸಲ ದಾರಿಯನ್ನು ತೋರಿಸುತ್ತೇನೆ, ಒಂದು ಹೆಜ್ಜೆಯೂ ಬಿಡದೆ. ನಾಲ್ಕನೇ ಕ್ಲಾಸಿನ ಸೇಡು ಅಂದುಕೊಳ್ಳಿ.

ಎರಡನೇ ಕಿಟಕಿಯ ಎಳೆ ಸೀಮೆಸುಣ್ಣ ತೆಗೆದುಕೊಂಡಿತು. ಸಂಖ್ಯೆ ನೋಡಿತು. ಒಂದು ಕೂಡಿಸಿ ಬರೆಯಿತು. ಅಲ್ಲೇ ಸೀಮೆಸುಣ್ಣ ಕೆಳಗಿಡಬೇಕಿತ್ತು. ಆದರೆ ನಾನು, ಚೀಟಿ ಮುದ್ರಿಸಿ ಮುಗಿದ ಮೇಲೆ ಇಡು ಅಂತ ಬರೆದಿದ್ದೆ. ಅದು ಸೀಮೆಸುಣ್ಣ ಹಿಡಿದುಕೊಂಡೇ ಮುದ್ರಣಕ್ಕೆ ಹೋಯಿತು. ಅಲ್ಲಿ ಕಾಗದ ಮುಗಿದಿತ್ತು! ಕಾಗದವಿಲ್ಲ ಅಂದ ಕೂಡಲೇ ಎಳೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಬಿತ್ತು, ಸೀಮೆಸುಣ್ಣ ಜೇಬಿನಲ್ಲೇ. ಕಾಗದ ತುಂಬಿಸಿದರೂ ಪ್ರಯೋಜನವಾಗಲಿಲ್ಲ. ಉಳಿದ ಮೂರು ಎಳೆಗಳು ನಿಮ್ಮ ಗೆಳೆಯರ ಹಾಗೆ ಹಲಗೆಗೆ ಬೆನ್ನು ಮಾಡಿ ಕೂತವು. ಕಾಲರ್ ಒಂದು ಹೊಲಿಯಲಿಲ್ಲ ಅಷ್ಟೇ.

ಎರಡು ತಿದ್ದುಪಡಿ ಮಾಡಿದ್ದೇನೆ. ಒಂದು, ಸಂಖ್ಯೆ ಬರೆದ ತಕ್ಷಣ ಸೀಮೆಸುಣ್ಣ ಕೆಳಗೆ. ಮುದ್ರಣಕ್ಕೆ ಬರಿಗೈಯಲ್ಲಿ ಹೋಗಬೇಕು. ಎರಡು, ಕಾಗದ ಮುಗಿಯಲಿ, ಕರೆಂಟು ಹೋಗಲಿ, ನೆಗಡಿಯೇ ಬರಲಿ, ಯಾವ ಕಾರಣಕ್ಕೆ ಹೊರಬಿದ್ದರೂ ಸೀಮೆಸುಣ್ಣ ಇಟ್ಟೇ ಹೋಗಬೇಕು. ನಾನು ಬೇಕಂತಲೇ ಕಾಗದ ತೆಗೆದುಹಾಕಿ ನಲವತ್ತು ಸಲ ನೋಡಿದೆ. ಉಳಿದ ಕಿಟಕಿಗಳು ನಿಲ್ಲಲಿಲ್ಲ.

ಆದರೂ ಭಯ ಹೋಗಿಲ್ಲ. ನಾಲ್ಕು ಜನ ಒತ್ತುವುದು ಬೇರೆ, ನಿಜವಾದ ಸಾಲು ಬೇರೆ. ಮಂಗಳವಾರ ಹತ್ತಕ್ಕೆ ನಾನು ಹಿಂದಿನ ಕೋಣೆಯಲ್ಲಿ ಯಂತ್ರದ ಮುಂದೆ ಇರುತ್ತೇನೆ. ಕಿಟಕಿಗಳು ನನಗೆ ಕಾಣುವುದಿಲ್ಲ. ಅಲ್ಲಿ ಏನಾಗುತ್ತಿದೆ ಅಂತ ಯಾರಾದರೂ ಬಂದು ಹೇಳುವವರೆಗೆ ಗೊತ್ತಾಗುವುದಿಲ್ಲ. ದೊಡ್ಡ ಮೇಡಂ ಬಂದು ಹೇಳುತ್ತಾರೆ, ಇಲ್ಲಾ ಪೆನ್ನಿನ ಮುಚ್ಚಳದ ಸದ್ದು ಹೇಳುತ್ತದೆ.

ಪೋಸ್ಟ್‌ಮಾಸ್ಟರ್ ಅಂಕಲ್‌ಗೆ ಇನ್ನೊಂದು ಕಾರ್ಡು ಹಾಕಿದ್ದೇನೆ. ಅದರಲ್ಲಿ ಬರೀ "ಕ್ಷಮಿಸಿ" ಅಂತಿದೆ.

ಚಿನಕುರುಳಿ


(ಕೈಯಿಂದ ಕೈಗೆ)

ಚಿರಂಜೀವಿ ಚಿನಕುರುಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈ ಪತ್ರಕ್ಕೆ ಅಂಚೆಚೀಟಿಯಿಲ್ಲ. ಮೂರನೆಯ ಕಿಟಕಿಯ ಅಕ್ಕನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಾನು ಔಷಧ ವಿಭಾಗದ ಎದುರಿಗೆ, ಗಡಿಯಾರದ ಕೆಳಗಿನ ಬೆಂಚಿನಲ್ಲಿ ಕುಳಿತು ತೊಡೆಯ ಮೇಲೆ ಬರೆಯುತ್ತಿರುವುದರಿಂದ ಅಕ್ಷರ ದುಂಡಗಿಲ್ಲ. ಕ್ಷಮೆಯಿರಲಿ.

ನಿನ್ನ ಪತ್ರ ನಿನ್ನೆ ಬಂತು. ನಿಜವಾದ ಸಾಲೇ ಬೇರೆಯೆಂದು ನೀನು ಬರೆದಿದ್ದನ್ನು ಗೆಳೆಯರಿಗೆ ಓದಿ ಹೇಳಿದೆ. ಬೆಳಗಿನ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಸುಳ್ಳು ರೋಗದಿಂದ ಆಸ್ಪತ್ರೆಯ ಹೊತ್ತನ್ನು ಕದಿಯುವವರು ನಾವಲ್ಲ. ನನ್ನ ನೆಗಡಿ, ಪೋಸ್ಟ್‌ಮಾಸ್ಟರರ ಮಂಡಿ, ದರ್ಜಿಯವರ ಕಣ್ಣು, ಮೂರೂ ಅಪ್ಪಟ. ವೈದ್ಯರು ನೋಡಿ ಚೀಟಿ ಬರೆದುಕೊಟ್ಟ ಮೇಲೆ ಮೂರು ಬೇರೆ ಬೇರೆ ಸಾಲುಗಳಲ್ಲಿ ನಿಂತು, ಒಂದೇ ಕ್ಷಣಕ್ಕೆ ಕಿಟಕಿ ತಲುಪುವ ಹಾಗೆ ಹಿಂದೆ ಮುಂದೆ ಸರಿದೆವು. ಇಬ್ಬರಿಗೆ ದಾರಿ ಬಿಟ್ಟುಕೊಟ್ಟದ್ದಕ್ಕೆ ದರ್ಜಿಯವರನ್ನು ಹಿಂದಿನವರು ಹೊಗಳಿದರು.

ನನ್ನ ಮುಂದೆ ದಪ್ಪ ಮೀಸೆಯ ಗೃಹಸ್ಥರೊಬ್ಬರಿದ್ದರು. ಪೊಟ್ಟಣ ಪಡೆದು, ಚೀಟಿಯನ್ನು ಇಡೀ ಸಾಲಿಗೆ ಕೇಳುವಂತೆ ಓದಿದರು: "ಬೆನ್ನುನೋವಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ." ಆಮೇಲೆ ತಿರುಗಿ ನನಗೆ, "ಈ ಸಲ ಮಲಗಿಸ್ಕೊಳ್ಳೋ ಮಾತೇ ಇಲ್ಲ ಸಾರ್, ಬೇಜಾರಾಯ್ತು" ಎಂದರು.

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಎರಡನೆಯ ಕಿಟಕಿಯಲ್ಲಿ ಕಾಗದ ಮುಗಿಯಿತು. ನೀನಲ್ಲ, ಕಾಗದವೇ ತಾನಾಗಿ ಮುಗಿಯಿತು. ನಿನ್ನ ದೊಡ್ಡ ಮೇಡಂ ಪೆನ್ನು ಹಿಡಿದು ಹತ್ತಿರ ಬಂದರು. ನಾನು ಉಳಿದ ಕಿಟಕಿಗಳನ್ನು ನೋಡಿದೆ. ಒಂದನೆಯದರಲ್ಲಿ ಚೀಟಿ ಬಂತು. ನಾಲ್ಕನೆಯದರಲ್ಲಿ ಬಂತು. ಮೂರನೆಯದರಲ್ಲಿ ನನ್ನದೇ ಬಂತು. ಎರಡನೆಯ ಕಿಟಕಿಗೆ ಕಾಗದ ತುಂಬಿದರು. ಅದೂ ಏನೂ ಆಗದಂತೆ ಮುಂದುವರಿಯಿತು. ಮೇಡಂ ಪೆನ್ನಿನ ಮುಚ್ಚಳವನ್ನು ತೆಗೆಯಲೇ ಇಲ್ಲ. ಅದನ್ನು ಮೇಲಿನ ಜೇಬಿಗೆ ಸಿಕ್ಕಿಸಿಕೊಂಡು, ಅಕ್ಕನ ಕಡೆ ಬಾಗಿ, "ನಾಳೆಯಿಂದ ಕೈಬರಹದ ರಿಜಿಸ್ಟರ್ ತರೋದು ಬೇಡ" ಎಂದರು. ಅಕ್ಷರಶಃ ಇದೇ ಮಾತು, ನನ್ನ ಕಿವಿಯಿಂದಲೇ ಕೇಳಿದ್ದು. ಅವರು ನಿನ್ನ ಕೋಣೆಗೆ ಬರುವ ಮುನ್ನ ಈ ಪತ್ರ ತಲುಪಲೆಂದು ಅವಸರದಿಂದ ಬರೆಯುತ್ತಿದ್ದೇನೆ. ಪೋಸ್ಟ್‌ಮಾಸ್ಟರರು ಪಕ್ಕದಲ್ಲಿ ಕುಳಿತು, "ಸ್ವಲ್ಪ ನಿಧಾನ, ಮೇಷ್ಟ್ರೇ" ಎನ್ನುತ್ತಿದ್ದಾರೆ.

ನಮ್ಮ ಮೂರು ಚೀಟಿಗಳನ್ನೂ ಒಟ್ಟಿಗಿಟ್ಟು ಪರೀಕ್ಷಿಸಿದೆ. ಹೆಸರುಗಳು ಸರಿ. ಔಷಧಗಳು ಸರಿ. ಸಂಖ್ಯೆಗಳು ಒಂದರ ಹಿಂದೊಂದು, ಒಂದೂ ಅವಳಿಯಿಲ್ಲ. ಕೆಂಪು ಲೇಖನಿ ತೆಗೆದು ಸ್ವಲ್ಪ ಹೊತ್ತು ಹಿಡಿದಿದ್ದು ಮತ್ತೆ ಒಳಗಿಟ್ಟೆ.

ಲಕೋಟೆಯಲ್ಲಿ ಎರಡು ವಸ್ತುಗಳಿವೆ. ಒಂದು, ಗ್ರಂಥಾಲಯದ ಆ ಸೀಮೆಸುಣ್ಣ. ಅಲ್ಲಿ ಈಗ ಹೊಸದನ್ನು ದಾರ ಕಟ್ಟಿ ಹಲಗೆಗೇ ನೇತುಹಾಕಿದ್ದೇವೆ, ನನ್ನ ಜೇಬಿಗೆ ಎಟುಕದಷ್ಟು ಗಿಡ್ಡ ದಾರ. ಇನ್ನೊಂದು, ನಿನ್ನ ಇಪ್ಪತ್ತೇಳನೆಯ ತಾರೀಖಿನ ಪತ್ರ. ಅದರಲ್ಲಿ ತಪ್ಪುಗಳು ಆರಿವೆ, ತಿದ್ದಿದ್ದೇನೆ. ಆದರೆ ಕೊನೆಯ ಪುಟದ ಕೆಳಗೆ ನೋಡು. ಉತ್ತರ ಸರಿಯಿದೆ, ಅದನ್ನು ತಲುಪಿದ ದಾರಿಯನ್ನೂ ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದೀಯೆ. ಹತ್ತೊಂಬತ್ತೂವರೆ ವರ್ಷ ನನ್ನ ಜೇಬಿನಲ್ಲೇ ಉಳಿದಿದ್ದ ಒಂದು ಅಂಕವನ್ನು ಈ ಮೂಲಕ ಮರಳಿಸಿದ್ದೇನೆ. ನೂರಕ್ಕೆ ನೂರು. ಇದಕ್ಕೆ ಮುಂಚೆ ಯಾರಿಗೂ ಕೊಟ್ಟಿರಲಿಲ್ಲ. ನಿನ್ನ ಅಪ್ಪನಿಗೆ ಇದನ್ನು ಮಾತ್ರ ನಾನೇ ಹೇಳುತ್ತೇನೆ.

ಬೆಂಚಿನಲ್ಲಿ ನಿನಗೂ ಜಾಗ ಬಿಟ್ಟಿದ್ದೇವೆ. ದರ್ಜಿಯವರು ತಮ್ಮ ಚೀಲ ಇಟ್ಟು ಹಿಡಿದಿದ್ದಾರೆ, ನೀನು ಬಂದ ಕೂಡಲೇ ತೆಗೆಯುತ್ತಾರೆ.

ನಿನ್ನ ದೊಡ್ಡಪ್ಪ
ನನ್ನ ಚೀಟಿಯ ಮೇಲೆ ನೀನೇ ಮುದ್ರಿಸಿದ ಪ್ರಕಾರ:
ಮಾರ್ಚ್ ೩೧, ಮಂಗಳವಾರ, ಬೆಳಿಗ್ಗೆ ೧೧ ಗಂ. ೨೧ ನಿ.
(ಬೆಂಚಿನ ಮೇಲಿನ ಗಡಿಯಾರ ಎರಡು ನಿಮಿಷ ಹಿಂದಿದೆ. ಅದನ್ನು ತಿದ್ದಿಸು.)